ಮೇಪಲ್ ಮರಕ್ಕೆ ಫಿಟ್ಟಿಂಗ್ ಆರಿಸಿದವರು

ನಾಲ್ಕು ವರ್ಷ ಒಂದೇ ಆಫೀಸಿನಲ್ಲಿ ಕೆಲಸ ಮಾಡಿದ್ದರೂ ಅವರು ನೆಟ್ಟಗೆ ಐದು ನಿಮಿಷ ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿದ ನೆನಪಿಲ್ಲ. ಕುರ್ಚಿ ಇತ್ತು. ಅದರ ಮೇಲೆ ಅವರ ಕೋಟು ಕೂತಿರುತ್ತಿತ್ತು, ಕ್ಯಾಟಲಾಗುಗಳು ಕೂತಿರುತ್ತಿದ್ದವು, ಒಮ್ಮೆ ಯಾವನೋ ಗಿರಾಕಿ ಕಳಿಸಿದ್ದ ಮೀನಿನ ತೊಟ್ಟಿ ಮೂರು ವಾರ ಅಲ್ಲೇ ಠಿಕಾಣಿ ಹೂಡಿತ್ತು. ಅವರು ಮಾತ್ರ ಕಿಟಕಿಯಿಂದ ನನ್ನ ಮೇಜಿಗೆ, ನನ್ನ ಮೇಜಿನಿಂದ ಗೋಡೌನಿನ ಬಾಗಿಲಿಗೆ, ಅಲ್ಲಿಂದ ಮತ್ತೆ ಕಿಟಕಿಗೆ ಓಡಾಡುತ್ತಿದ್ದರು. ಊಟವೂ ಹಾಗೇ. ಸ್ಟೀಲ್ ಡಬ್ಬಿಯ ಮೊಸರನ್ನವನ್ನು ಪಾರ್ಕಿಂಗ್ ಲಾಟಿನಲ್ಲಿ ಸುತ್ತು ಹಾಕುತ್ತಾ ತಿನ್ನುತ್ತಿದ್ದರು. ಮೂರು ಸುತ್ತಿಗೆ ಅನ್ನ, ನಾಲ್ಕನೆಯ ಸುತ್ತಿಗೆ ಉಪ್ಪಿನಕಾಯಿ ಚೀಪುವುದು. ಕಿಟಕಿಯಿಂದ ನೋಡಿ ನೋಡಿ ನನಗೇ ತಲೆ ತಿರುಗುತ್ತಿತ್ತು.

ಕಳೆದ ತಿಂಗಳು ಒಹಾಯೋದಿಂದ ಅವರ ಹೆಂಡತಿ ಫೋನ್ ಮಾಡಿ, ಅವರು ಹೋದರು ಎಂದು ಹೇಳಿದರು. ಆಸ್ಪತ್ರೆಯಲ್ಲೂ ಕೊನೆಯ ವಾರದವರೆಗೆ ನರ್ಸುಗಳು ಇವರನ್ನು ಕಾರಿಡಾರಿನಿಂದ ಹಿಡಿದು ತಂದು ಮಲಗಿಸುತ್ತಿದ್ದರಂತೆ. ಫೋನಿಟ್ಟ ದಿನದಿಂದ ಅವರ ಕಾಯಿಲೆ ನನಗೂ ಅಂಟಿದೆ. ಬರೆಯೋಣ ಎಂದು ಕೂತರೆ ಎದ್ದು ಹೋಗುತ್ತೇನೆ, ಸಿಂಕಿನಲ್ಲಿರುವ ಎರಡು ಲೋಟ ತೊಳೆದು ಬರುತ್ತೇನೆ, ಮತ್ತೆ ಕೂರುತ್ತೇನೆ. ಅವರ ಹೆಸರು ಬರೆಯುವುದಿಲ್ಲ. ತಮ್ಮ ಹೆಸರನ್ನು ಅಚ್ಚಿನಲ್ಲಿ ಕಂಡರೆ ಕಸಿವಿಸಿಪಡುವ ಜಾತಿಯ ಮನುಷ್ಯ ಅವರು.

ನಮ್ಮ ಕಂಪನಿ ಕ್ಯಾಲಿಫೋರ್ನಿಯಾದ ಕ್ಯಾಂಪ್‌ಬೆಲ್‌ನಲ್ಲಿ ರೈಲು ಹಳಿಯ ಪಕ್ಕದ ಒಂದು ತಗ್ಗು ಶೆಡ್ಡಿನಲ್ಲಿತ್ತು. ನಾವು ಮಾಡುತ್ತಿದ್ದದ್ದು ಪ್ಲಾಸ್ಟಿಕ್ ಫಿಟ್ಟಿಂಗು, ಅಂದರೆ ಒಂದು ಟ್ಯೂಬನ್ನು ಇನ್ನೊಂದಕ್ಕೆ ಸೇರಿಸುವ, ಒಂದನ್ನು ಎರಡಾಗಿ ಕವಲೊಡೆಸುವ, ಹೆಬ್ಬೆರಳಿನಷ್ಟು ಉದ್ದದ ತುಂಡುಗಳು. ಚಿಪ್ ಕಂಪನಿಯವರು, ಲ್ಯಾಬಿನವರು, ಮೀನು ಸಾಕುವವರು, ತೋಟಕ್ಕೆ ಹನಿ ನೀರು ಬಿಡುವವರು ಎಲ್ಲರೂ ನಮ್ಮ ಗಿರಾಕಿಗಳು. ನನ್ನದು ಆರ್ಡರ್ ಡೆಸ್ಕು. ಒಂದು ಫೋನು, ಒಂದು ಟೈಪ್‌ರೈಟರು, ಗಿರಾಕಿಗಳ ಹೆಸರು ವಿಳಾಸ ನಂಬರಿನ ಕಾರ್ಡುಗಳು ತುಂಬಿದ ಒಂದು ಸ್ಟೀಲ್ ಡ್ರಾಯರು. ಮೈಸೂರಿನಿಂದ ಬಂದು ಐದು ವರ್ಷವಾಗಿತ್ತು, ವಯಸ್ಸು ಇಪ್ಪತ್ತಾರು, ಮೂಗಿನ ತುದಿಯಲ್ಲಿ ಕೋಪ. ನಾನು ಹೇಳುತ್ತಿರುವ ವರ್ಷ ಚಿಪ್ ಕಂಪನಿಗಳು ಜನರನ್ನು ಮನೆಗೆ ಕಳಿಸುತ್ತಿದ್ದವು, ನನ್ನ ಗಂಡನೂ ಮನೆಯಲ್ಲಿದ್ದ. ನನ್ನ ಸಂಬಳದಲ್ಲೇ ಅಪಾರ್ಟ್‌ಮೆಂಟಿನ ಬಾಡಿಗೆ ನಡೆಯಬೇಕಿತ್ತು.

ಅವರು ಮಂಡ್ಯದ ಕಡೆಯವರು, ಐವತ್ತರ ಹತ್ತಿರ. ಊರಲ್ಲಿ ಸಕ್ಕರೆ ಫ್ಯಾಕ್ಟರಿಯಲ್ಲಿ ಇಂಜಿನಿಯರಾಗಿದ್ದು, ನಲವತ್ತು ದಾಟಿದ ಮೇಲೆ ಇಲ್ಲಿಗೆ ಬಂದವರು. ಗಿರಾಕಿ ಫೋನ್ ಮಾಡಿ ಇಂಥ ಕೆಲಸಕ್ಕೆ ಯಾವ ಫಿಟ್ಟಿಂಗು ಎಂದು ಕೇಳಿದರೆ ಆರಿಸಿ ಹೇಳುವುದು ಅವರ ಕೆಲಸ. ಗಿರಾಕಿಯ ಹೆಸರು ಅವರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ‘ಮೀನಿನವನು’, ‘ರಕ್ತದ ಲ್ಯಾಬಿನವಳು’, ‘ಆಸಿಡ್ ಮಾಮ’ ಎಂದೇ ಲೆಕ್ಕ. ಆದರೆ ಅವರವರ ಟ್ಯೂಬು ಎಲ್ಲಿ ಬಾಗುತ್ತದೆ, ಎಲ್ಲಿ ಬಿಸಿಯಾಗುತ್ತದೆ, ಯಾವ ಕಡೆ ಜೋತುಬೀಳುತ್ತದೆ ಎಂಬುದು ಮಾತ್ರ ವರ್ಷವಾದರೂ ನೆನಪಿರುತ್ತಿತ್ತು.

ಕ್ಯಾಲಿಫೋರ್ನಿಯಾದ ಶೆಡ್ಡಿನಲ್ಲಿ ನನ್ನನ್ನು ‘ಕಣಮ್ಮ’ ಎಂದು ಕರೆಯುವ ಒಬ್ಬರಿದ್ದಾರೆ ಎಂಬುದೇ ನನಗೆ ಮೊದಮೊದಲು ದೊಡ್ಡ ಸಮಾಧಾನವಾಗಿತ್ತು. ಆಮೇಲಾಮೇಲೆ ಅದೇ ತಲೆನೋವೂ ಆಯಿತು. ಟ್ಯೂಬಿನ ಒಂದು ತುದಿ ಮುಚ್ಚಿ, ಇನ್ನೊಂದು ತುದಿಗೆ ಫಿಟ್ಟಿಂಗು ಸಿಕ್ಕಿಸಿ, ಬಾಯಿಂದ ಗಾಳಿ ಎಳೆದು ಅದನ್ನು ನಾಲಿಗೆಗೆ ಅಂಟಿಸಿಕೊಳ್ಳುವುದು ಅವರ ಅಭ್ಯಾಸ. ಗಾಳಿ ಒಳಗೆ ನುಸುಳದಿದ್ದರೆ ಟ್ಯೂಬು ನಾಲಿಗೆಗೆ ಕಚ್ಚಿಕೊಂಡೇ ಇರುತ್ತದೆ. ಹಾಗೆ ಜೋತುಬಿಟ್ಟುಕೊಂಡೇ ನನ್ನ ಮೇಜಿಗೆ ಬಂದು, ನನ್ನ ವಾಚಿನ ಕಡೆ ಬೆರಳು ತೋರಿಸಿ ನಿಲ್ಲುತ್ತಿದ್ದರು. ನಾನು ಒಂದು ನಿಮಿಷ ಎಣಿಸಬೇಕು. ಫೋನಿನಲ್ಲಿ ಗಿರಾಕಿ ಇದ್ದರೂ ಎಣಿಸಬೇಕು.

“ಸಾರ್, ಅದಕ್ಕೆ ಮೀಟರ್ ಇದೆಯಲ್ಲ, ಗೋಡೋನಲ್ಲಿ?” ಎಂದು ಒಮ್ಮೆ ರೇಗಿದೆ.

ಅವರು ಟ್ಯೂಬನ್ನು ಪಟ್ಟೆಂದು ಕಿತ್ತು, “ಮೀಟ್ರು ಇರೋದು ಬಾಸ್‌ಗೆ ತೋರ್ಸಾಕೆ ಕಣಮ್ಮ. ನೀರು ತಳ್ಳೋ ಪೈಪು ಸೋರಿದ್ರೆ ನೆಲ ಒದ್ದೆಯಾಯ್ತದೆ, ಕುರುಡನಿಗೂ ಗೊತ್ತಾಯ್ತದೆ. ಎಳೆಯೋ ಪೈಪು ಸೋರಿದ್ರೆ ಒಂದು ಹನಿನೂ ಬೀಳಾಕಿಲ್ಲ. ಗಾಳಿ ಒಳಿಕ್ಕೆ ಹೋಯ್ತಾ ಇರ್ತದೆ, ನಾವು ಚೆನ್ನಾಗೈತೆ ಅಂದ್ಕೊಂಡು ಇರ್ತೀವಿ. ಅದುನ್ನ ಕೇಳಿಸ್ಕೋಬೇಕು,” ಎಂದು ಕಿವಿಯ ಪಕ್ಕ ಕೈ ಹಿಡಿದು ತೋರಿಸಿದರು.

ಈ ಕೇಳಿಸಿಕೊಳ್ಳುವ ಚಟ ಆಫೀಸಿನಲ್ಲೇ ಮುಗಿಯುತ್ತಿರಲಿಲ್ಲ. ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ಬಚ್ಚಲಿಗೆ ಹೋಗಿ ನಲ್ಲಿಗಳನ್ನು ಬಿಗಿ ಮಾಡಿ ಬರುತ್ತಿದ್ದರು. ಒಂದು ಯುಗಾದಿಗೆ ಸ್ಕೂಲೊಂದರ ಕೆಫೆಟೇರಿಯಾ ಹಾಲನ್ನು ಬಾಡಿಗೆಗೆ ಹಿಡಿದು ನಾವೆಲ್ಲ ಕನ್ನಡದವರು ಸೇರಿದ್ದೆವು. ಭಾಷಣಕ್ಕೆ ಇವರ ಹೆಸರು ಕರೆದರೆ ಆಸಾಮಿಯೇ ಇಲ್ಲ. ಹುಡುಕಿದರೆ ಅಡುಗೆಮನೆಯ ಸಿಂಕಿನ ಕೆಳಗೆ, ರೇಷ್ಮೆ ಪಂಚೆ ಎತ್ತಿಕಟ್ಟಿ, ಪೈಪಿಗೆ ಕಿವಿಗೊಟ್ಟು ಮಲಗಿದ್ದರು. ಅವರ ಹತ್ತು ವರ್ಷದ ಮಗಳು ನಾಚಿಕೆಯಿಂದ ಕೆಂಪಾಗಿ, “ಅಪ್ಪಾ, ಪ್ಲೀಸ್, ಕಮ್ ಔಟ್,” ಎಂದು ಅವರ ಪಾದ ಹಿಡಿದು ಎಳೆಯುತ್ತಿತ್ತು.

ಆ ಮಗಳ ಸಲುವಾಗಿಯೇ ಕ್ಯುಪರ್ಟಿನೋದಲ್ಲಿ ಮನೆ. ಅಲ್ಲಿಯ ಸ್ಕೂಲು ಚೆನ್ನಾಗಿದೆ ಎಂದು ಕೈಗೆ ಮೀರಿದ ಬಾಡಿಗೆ ಕೊಟ್ಟು ಇದ್ದರು. ಅವರ ಗ್ರೀನ್ ಕಾರ್ಡಿನ ಅರ್ಜಿಯನ್ನು ನಮ್ಮ ಕಂಪನಿಯೇ ಹಾಕಿತ್ತು. ಮೂರು ವರ್ಷ ಕಾದಿದ್ದರು, ಬೇಸಿಗೆಯೊಳಗೆ ಬರುತ್ತದೆ ಎಂದು ವಕೀಲರು ಹೇಳಿದ್ದರು. ಅಷ್ಟರೊಳಗೆ ಕೆಲಸ ಹೋದರೆ ಅರ್ಜಿಯೂ ಹೋಯಿತು, ಮೊದಲಿನಿಂದ ಶುರುಮಾಡಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಇದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಬಾಸಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಆ ಅಕ್ಟೋಬರಿನಲ್ಲಿ ವರ್ಮಾಂಟಿನಿಂದ ಒಂದು ಫೋನು ಬಂತು. ದೇಶದ ಆ ಕೊನೆ. ಹೆಂಗಸಿನ ದನಿ, ಮರಳು ಕಾಗದದಲ್ಲಿ ಉಜ್ಜಿದ ಹಾಗೆ ಒರಟು. ಗಂಡ ತೀರಿಕೊಂಡಿದ್ದಾನೆ, ಹಸುಗಳನ್ನು ಮಾರಿಬಿಟ್ಟಿದ್ದೇನೆ, ಇನ್ನು ಉಳಿದದ್ದು ಮೇಪಲ್ ಮರಗಳು ಮಾತ್ರ ಎಂದಳು. ಮರಕ್ಕೆ ತೂತು ಕೊರೆದು ಬಕೆಟ್ಟು ಕಟ್ಟಿ ರಸ ಹಿಡಿಯುತ್ತಿದ್ದರಂತೆ. ಒಬ್ಬಳೇ ಇನ್ನು ಬಕೆಟ್ಟು ಹೊರುವುದಾಗದು. ಹಾಲು ಕರೆಯುವ ಹಳೆಯ ವ್ಯಾಕ್ಯೂಮ್ ಪಂಪು ಕೊಟ್ಟಿಗೆಯಲ್ಲಿ ಬಿದ್ದಿದೆ, ಅದನ್ನೇ ಹೂಡಿ, ಮರದಿಂದ ಮರಕ್ಕೆ ಟ್ಯೂಬು ಎಳೆದು ರಸ ನೇರ ಪಾಕ ಕಾಯಿಸುವ ಗುಡಿಸಲಿಗೆ ಬರುವಂತೆ ಮಾಡಬೇಕು. ಸೇರಿಸುವುದಕ್ಕೆ ಯಾವ ಫಿಟ್ಟಿಂಗು ಹಾಕಲಿ ಎಂದು ಅವಳ ಪ್ರಶ್ನೆ. ನಾನು ಲೈನನ್ನು ಅವರಿಗೆ ಕೊಟ್ಟೆ.

ಮುಕ್ಕಾಲು ಗಂಟೆ ಮಾತಾಡಿದರು. ಫೋನಿನ ಸುರುಳಿ ವೈರು ಪೂರ್ತಿ ನೆಟ್ಟಗಾಗುವಷ್ಟು ದೂರ ಹೋಗುವುದು, ವಾಪಸು ಬರುವುದು. ಇಟ್ಟ ಮೇಲೆ ನನ್ನ ಆರ್ಡರ್ ಫಾರಮ್ಮಿನ ಹಿಂದೆ ಮರಗಳನ್ನು ಬರೆದರು.

“ಕಬ್ಬಿನ ಹಾಲು ಮರದಾಗೇ ಬತ್ತದೆ ಕಣಮ್ಮ. ಅದುನ್ನ ದೊಡ್ಡ ಕೊಪ್ಪರಿಗೇಲಿ ಕಾಯಿಸ್ತಾರೆ. ನಲವತ್ತು ಪಾಲು ರಸ ಹಾಕಿದ್ರೆ ಒಂದು ಪಾಲು ಪಾಕ. ಥೇಟು ಆಲೆಮನೆ. ರಾತ್ರಿ ನೀರು ಹೆಪ್ಪುಗಟ್ಬೇಕು, ಬೆಳಿಗ್ಗೆ ಕರಗ್ಬೇಕು, ಆಗ ರಸ ಇಳೀತದೆ. ವರ್ಷಕ್ಕೆ ನಾಕೈದು ವಾರ ಅಷ್ಟೇ. ಆಮೇಲೆ ಮುಗೀತು, ಮುಂದಿನ ವರ್ಷ.” ಅವರು ಮರದ ಚಿತ್ರಕ್ಕೆ ಇನ್ನೊಂದು ಟ್ಯೂಬು ಸೇರಿಸಿದರು. “ಒಂದು ಜಾಯಿಂಟು ಗಾಳಿ ಕುಡುದ್ರೆ ಆ ಸಾಲಿನ ಮರ ಎಲ್ಲಾ ಒಣ. ಆಯಮ್ಮಂಗೆ ಬೇರೆ ಆದಾಯ ಇಲ್ಲ.”

ಅಂದಿನಿಂದ ಅವಳು ‘ಮರದಮ್ಮ’. ಅವರು ಮೇಪಲ್ ಮರ ನೋಡಿರಲಿಲ್ಲ, ಹಿಮ ನೋಡಿರಲಿಲ್ಲ. ಹತ್ತಿರದ ಲಾಸ್ ಆಲ್ಟೋಸಿನ ಯಾವುದೋ ಬೀದಿಯಲ್ಲಿ ಅಲಂಕಾರಕ್ಕೆ ಹಾಕಿದ ಮೇಪಲ್ ಇದೆ ಎಂದು ಯಾರೋ ಹೇಳಿದ್ದಕ್ಕೆ ಒಂದು ಶನಿವಾರ ಹೋಗಿ ಅದರ ಬೊಡ್ಡೆ ತಟ್ಟಿ ಬಂದರು. ಮರದಮ್ಮ ತನ್ನ ಟ್ಯೂಬಿನ ಒಂದು ಸುರುಳಿಯನ್ನೂ ಒಂದು ಪುಟ್ಟ ಡಬ್ಬಿ ಪಾಕವನ್ನೂ ನನ್ನ ಡೆಸ್ಕಿಗೆ ಪಾರ್ಸೆಲ್ ಕಳಿಸಿದಳು. ಡಬ್ಬಿಯ ಮುಚ್ಚಳದ ಮೇಲೆ ಅವಳ ಊರಿನ ಹೆಸರಿತ್ತು. ಅವರು ಬೆರಳಲ್ಲಿ ತೆಗೆದು ನೆಕ್ಕಿ, ಕಣ್ಣು ಮುಚ್ಚಿ ಒಂದು ಸುತ್ತು ಹಾಕಿ ಬಂದು, “ಬೆಲ್ಲದ ಪಾಕಕ್ಕೆ ಒಂಚೂರು ಹೊಗೆ ಹತ್ತಿದ ಹಂಗೈತೆ,” ಎಂದರು. ಡಬ್ಬಿಯನ್ನು ಮನೆಗೆ ಒಯ್ದರು, ದೋಸೆಗೆ.

ಆರಿಸಲು ಇದ್ದದ್ದು ಮೂರು ಬಗೆ. ಒಂದಕ್ಕೆ ತಿರುಗಿಸಿ ಬಿಗಿ ಮಾಡುವ ತಿರುಪು. ಕಾಡಿನಲ್ಲಿ ಗ್ಲೌಸು ಹಾಕಿಕೊಂಡು ಸಾವಿರಾರು ತಿರುಪು ಯಾರು ತಿರುಗಿಸುತ್ತಾರೆ ಎಂದು ಅದನ್ನು ಮೊದಲೇ ಬದಿಗಿಟ್ಟರು. ಇನ್ನೊಂದಕ್ಕೆ ಟ್ಯೂಬಿನೊಳಗೆ ಹೋಗುವ ತುದಿಯ ಸುತ್ತ ಸಣ್ಣ ಸಣ್ಣ ಮೂರು ಹಲ್ಲು. ಮತ್ತೊಂದಕ್ಕೆ ಒಂದೇ ಹಲ್ಲು, ಆದರೆ ಎತ್ತರ, ಚೂಪು. ಟ್ಯೂಬು ಅದರ ಮೇಲೆ ಒಮ್ಮೆ ಏರಿತೆಂದರೆ ಕಚ್ಚಿ ಹಿಡಿಯುತ್ತದೆ. ಆ ಒಂಟಿ ಹಲ್ಲಿನದು ನಮ್ಮ ಹೊಸ ಸರಕು, ಬಾಸಿಗೆ ಅದರ ಮೇಲೆ ಪ್ರೀತಿ.

ಅವರು ಬಾಸಿನ ಪ್ರೀತಿಯನ್ನು ನಂಬುವವರಲ್ಲ. ಎರಡೂ ಬಗೆಯನ್ನು ಮನೆಗೆ ಒಯ್ದು, ಅಡುಗೆಮನೆಯಲ್ಲಿ ನಿಂತು ಟ್ಯೂಬಿಗೆ ಸೇರಿಸಿ, ಫ್ರೀಜರಿನಲ್ಲಿ ಕರಿಬೇವಿನ ಪೊಟ್ಟಣದ ಪಕ್ಕ ಇಟ್ಟರು. ರಾತ್ರಿ ಹೆಪ್ಪುಗಟ್ಟಿಸುವುದು, ಬೆಳಿಗ್ಗೆ ಬಿಸಿನೀರಿನಲ್ಲಿ ಕರಗಿಸುವುದು, ನಾಲಿಗೆಗೆ ಅಂಟಿಸಿ ನೋಡುವುದು. ಹೀಗೆ ಹನ್ನೆರಡು ದಿನ. ಅವರ ಹೆಂಡತಿ ನನಗೆ ಫೋನ್ ಮಾಡಿ, “ನೋಡು, ಬೆಳಗಾಗೆದ್ದು ಹಲ್ಲುಜ್ಜೋಕ್ಮುಂಚೆ ಪೈಪು ಚೀಪ್ತಾರೆ. ಇದ್ನ ಯಾರ ಹತ್ರ ಹೇಳ್ಕೊಳ್ಳಲಿ?” ಎಂದು ನಗಾಡಿದರು. ಹನ್ನೆರಡನೆಯ ದಿನ ಒಂಟಿ ಹಲ್ಲು ಗೆದ್ದಿತು. ಅವರು ಹೇಳಿದಂತೆ ನಾನು ಕಾಗದ ಟೈಪ್ ಮಾಡಿದೆ. ಇದನ್ನು ಕಣ್ಣು ಮುಚ್ಚಿಕೊಂಡು ಹಾಕಿ ಎಂಬ ಅರ್ಥದ ಒಂದು ಸಾಲನ್ನು ಅವರೇ ಸೇರಿಸಿ, ಕೆಳಗೆ ರುಜು ಹಾಕಿದರು. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚೆ ಪೆಟ್ಟಿಗೆಗಳು ಹೋದವು.

ಸಂಕ್ರಾಂತಿ ಬಂತು. ತುರಿದ ತೆಂಗಿನಕಾಯಿ ಇಡಲು ಜಾಗವಿಲ್ಲ, ನಿಮ್ಮ ಸಾಮಾನು ತೆಗೆಯಿರಿ ಎಂದು ಹೆಂಡತಿ ಗದರಿದ್ದಕ್ಕೆ ಅವರು ಭಾನುವಾರ ಫ್ರೀಜರ್ ಖಾಲಿ ಮಾಡಲು ನಿಂತರು. ತಳದಲ್ಲಿ ಸೇರಿಸದೆ ಬಿಟ್ಟಿದ್ದ ಒಂದು ತುಂಡು ಟ್ಯೂಬು ಸಿಕ್ಕಿತು. ಸುಮ್ಮನಿರಲಾರದೆ ಅದಕ್ಕೊಂದು ಒಂಟಿ ಹಲ್ಲಿನ ಫಿಟ್ಟಿಂಗು ಒತ್ತಿದರು. ಹೋಗಲಿಲ್ಲ. ಟ್ಯೂಬು ಸೆಟೆದು ಕಡ್ಡಿಯಾಗಿತ್ತು. ಬಲ ಹಾಕಿ ಒತ್ತಿದರು, ಅರ್ಧಕ್ಕೆ ನಿಂತಿತು.

ಸೋಮವಾರ ಬೆಳಿಗ್ಗೆ ನಾನು ಬಾಗಿಲು ತೆಗೆಯುವ ಮೊದಲೇ ಪಾರ್ಕಿಂಗ್ ಲಾಟಿನಲ್ಲಿ ಸುತ್ತುತ್ತಿದ್ದರು. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

“ನಾನು ಬೆಚ್ಚಗಿರೋ ಅಡುಗೇಮನೇಲಿ ಸೇರಿಸ್ಬುಟ್ಟು ಆಮೇಲೆ ಫ್ರೀಜರಿಗೆ ಹಾಕ್ದೆ ಕಣಮ್ಮ,” ಎಂದರು. “ಆಯಮ್ಮ ಸೇರ್ಸೋದು ಹಿಮದಾಗೆ ನಿಂತ್ಕೊಂಡು.”

ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ನಾವ್ಯಾರೂ ಅದನ್ನು ಯೋಚಿಸಿರಲಿಲ್ಲ. ನಾನು ಮೈಸೂರಿನವಳು, ಅವರು ಮಂಡ್ಯದವರು, ಬಾಸು ಪಕ್ಕದ, ಹಿಮವೇ ಬೀಳದ ಸ್ಯಾನ್ ಹೋಸೆಯಲ್ಲೇ ಹುಟ್ಟಿದವನು. ಚಳಿ ಎಂದರೆ ನಮಗೆಲ್ಲ ಒಂದು ಪೆಟ್ಟಿಗೆಯೊಳಗಿನ ಪದಾರ್ಥ, ಬೇಕಾದಾಗ ಬಾಗಿಲು ತೆಗೆದು ಏನನ್ನಾದರೂ ಒಳಗಿಡುವುದು. ಮನುಷ್ಯರೇ ಆ ಪೆಟ್ಟಿಗೆಯೊಳಗೆ ನಿಂತು ಕೆಲಸ ಮಾಡುತ್ತಾರೆ ಎಂಬುದು ತಲೆಗೆ ಹೊಳೆದಿರಲಿಲ್ಲ.

ಮೂರು ಸಣ್ಣ ಹಲ್ಲಿನದು ಆ ಚಳಿಯಲ್ಲೂ ಸೇರುತ್ತದೆ ಎಂದು ಅವರು ಅದೇ ಭಾನುವಾರ ಪರೀಕ್ಷಿಸಿದ್ದರು. ಹಿಡಿತ ಕೊಂಚ ಕಮ್ಮಿ, ಆದರೆ ಸಾಕು. ಮರದಮ್ಮ ಫೆಬ್ರವರಿಯಲ್ಲಿ ಟ್ಯೂಬು ಎಳೆಯುತ್ತಾಳೆ, ಮಾರ್ಚಿನಲ್ಲಿ ರಸ. ಈಗಲೇ ಹೇಳಿದರೆ ವಾಪಸು ಕಳಿಸಿ ಬೇರೆಯದು ತರಿಸಿಕೊಳ್ಳಬಹುದು. ಹೇಳದಿದ್ದರೆ ಅರ್ಧ ಸೇರಿದ ಜಾಯಿಂಟುಗಳ ಮೂಲಕ ಆ ಹಳೆಯ ಪಂಪು ನಾಲ್ಕು ವಾರ ಬರೀ ಗಾಳಿ ಎಳೆಯುತ್ತದೆ, ಅವಳ ವರ್ಷ ಹೋಗುತ್ತದೆ.

ಬಾಸಿನ ಕೋಣೆಯ ಗೋಡೆ ತೆಳು. ನನಗೆ ಎಲ್ಲವೂ ಕೇಳಿಸಿತು. ಕೆಟ್ಟವನಲ್ಲ ನಮ್ಮ ಬಾಸು, ನಗುನಗುತ್ತಲೇ ಮಾತಾಡುವವನು. ಆದರೆ ಆ ಒಂಟಿ ಹಲ್ಲನ್ನು ಇಡೀ ಮೇಪಲ್ ಸೀಮೆಗೆ ಮಾರುವ ಕನಸು ಕಟ್ಟಿ ಕೂತಿದ್ದ. ಅವಳು ಕೇಳಿದ್ದು ವ್ಯಾಕ್ಯೂಮ್ ಹಿಡಿಯುವ ಫಿಟ್ಟಿಂಗು, ಇದು ವ್ಯಾಕ್ಯೂಮ್ ಹಿಡಿಯುತ್ತದೆ, ತೊಂದರೆಯಾದರೆ ಅವಳೇ ಫೋನ್ ಮಾಡಲಿ, ನಾವಾಗಿ ಫೋನ್ ಮಾಡಿ ನಮ್ಮ ಸರಕು ಬೇಡ ಎನ್ನುವುದು ಯಾವ ವ್ಯಾಪಾರ ಎಂದ. ಇವರು ಏನೋ ಹೇಳಿದರು. ಆಗ ಬಾಸು ದನಿ ತಗ್ಗಿಸಿ, “ನಿನ್ನ ಕಾಗದಪತ್ರ ಬೇಸಿಗೆಗೆ ಬರುತ್ತದಲ್ಲ? ಅಲ್ಲಿಯವರೆಗೆ ಸುಮ್ಮನಿರು,” ಎಂದ. ಹೊರಗೆ ಬಂದು ನನ್ನ ಮೇಜಿನ ಮುಂದೆ ನಿಂತು, ಆ ಗಿರಾಕಿಯ ಕಾರ್ಡು ಡ್ರಾಯರು ಬಿಟ್ಟು ಕದಲಬಾರದು ಎಂದು ನನಗೂ ಹೇಳಿ, ಬೀಗ ಹಾಕಿಸಿದ.

ಮಧ್ಯಾಹ್ನ ಅವರು ಮೊಸರನ್ನದ ಡಬ್ಬಿ ತೆಗೆಯಲಿಲ್ಲ. ನನ್ನ ಮೇಜಿಗೆ ಬಂದು ಟೈಪ್‌ರೈಟರಿನ ಮೇಲೆ ಕೈಯಿಟ್ಟರು.

“ಆಯಮ್ಮನ ಹೆಸರು ಏನಮ್ಮ? ನಂಬರು ಒಂದು ಚೀಟೀಲಿ ಬರ್ಕೊಡು. ನೀನು ಕೊಟ್ಟೆ ಅಂತ ನಾನು ಹೇಳಾಕಿಲ್ಲ.”

ಬೀಗದ ಕೈ ನನ್ನ ಪರ್ಸಿನಲ್ಲಿತ್ತು. ನಾನು ಪರ್ಸನ್ನು ಮಡಿಲಿಗೆ ಎಳೆದುಕೊಂಡೆ. “ಆಗಲ್ಲ ಸಾರ್. ಗೊತ್ತಾಗೇ ಆಗತ್ತೆ. ನಮ್ಮನೆಯವರಿಗೆ ಕೆಲಸ ಇಲ್ಲ. ನನ್ನದೂ ಹೋದ್ರೆ ನಾವು ಬೀದಿಗೆ ಬರ್ತೀವಿ.” ಅಷ್ಟಕ್ಕೇ ನಿಲ್ಲಿಸಬಹುದಿತ್ತು. “ನಿಮಗೂ ಮಗು ಇದೆ. ಯಾವಳೋ ಕಂಡರಿಯದವಳ ಮರಕ್ಕೋಸ್ಕರ ನೀವ್ಯಾಕೆ ತಲೆ ಕೊಡ್ತೀರಿ? ಅವಳೇನು ನಿಮ್ಮ ನೆಂಟಳಾ?” ಎಂದೂ ಸೇರಿಸಿದೆ.

ಅವರಿಗೆ ಬೇಜಾರಾಗಬೇಕಿತ್ತು. ಆಗಲಿಲ್ಲ. ನಾನು ಹೇಳಿದ್ದನ್ನು ಲೆಕ್ಕಕ್ಕೆ ತೆಗೆದುಕೊಂಡವರ ಹಾಗೆ ತಲೆಯಾಡಿಸಿದರು. “ನೀನು ಹೇಳೋದೂ ಸರಿ ಕಣಮ್ಮ,” ಎಂದರು. “ಆದ್ರೆ ಕಣ್ಣು ಮುಚ್ಕೊಂಡು ಹಾಕಿ ಅಂತ ಬರೆದವ್ನು ನಾನಲ್ವಾ?” ನನ್ನ ಮೇಜಿನ ಸುತ್ತ ಎರಡು ಸಲ ಸುತ್ತಿ ಹೊರಟುಹೋದರು.

ಆ ವಾರ ನನಗೆ ನೆಮ್ಮದಿಯಿರಲಿಲ್ಲ. ಅವರು ಓಡಾಡುವ ಸದ್ದು ಕೇಳಿದರೆ ಸಿಟ್ಟು ಬರುತ್ತಿತ್ತು, ಕೇಳದಿದ್ದರೆ ಗಾಬರಿಯಾಗುತ್ತಿತ್ತು. ಡ್ರಾಯರಿನಲ್ಲಿ ನಂಬರಿತ್ತು, ಕೈಯಳತೆಯಲ್ಲಿ ಫೋನಿತ್ತು, ನಾನೇ ತಿರುಗಿಸಬಹುದಿತ್ತು. ಮನೆಗೆ ಹೋದರೆ ಗಂಡ ಪೇಪರಿನಲ್ಲಿ ಕೆಲಸದ ಜಾಹೀರಾತಿಗೆ ಗೆರೆ ಎಳೆಯುತ್ತಾ ಕೂತಿರುತ್ತಿದ್ದ. ಅವನನ್ನು ನೋಡಿದಾಗ ನಾನು ಮಾಡಿದ್ದು ಸರಿ ಅನ್ನಿಸುತ್ತಿತ್ತು. ಬೆಳಿಗ್ಗೆ ಅವರ ಹೆಬ್ಬೆರಳಿನ ಬಟ್ಟೆ ನೋಡಿದಾಗ ಹಾಗೆ ಅನ್ನಿಸುತ್ತಿರಲಿಲ್ಲ.

ಮುಂದಿನ ಮಂಗಳವಾರ ಮರದಮ್ಮ ಫೋನ್ ಮಾಡಿದಳು. ಪೆಟ್ಟಿಗೆಗಳನ್ನು ವಾಪಸು ಕಳಿಸುತ್ತಿದ್ದೇನೆ, ಮೂರು ಹಲ್ಲಿನವನ್ನು ಕೂಡಲೇ ಕಳಿಸಿ ಎಂದಳು. ಈ ವರ್ಷ ಬೇಗ ಶುರುಮಾಡಿ, ಆಗಲೇ ಮೂವತ್ತು ಮರ ಕಟ್ಟಿದ್ದಳಂತೆ. “ಒಂದೂ ಸರಿಯಾಗಿ ಕೂರುತ್ತಿರಲಿಲ್ಲ,” ಎಂದಳು. “ಗಂಡ ಇದ್ದಿದ್ದರೆ ಒಂದೇ ಸಲಕ್ಕೆ ಒತ್ತುತ್ತಿದ್ದ, ನನ್ನ ಕೈಗೆ ವಯಸ್ಸಾಯಿತು ಅಂದುಕೊಂಡೆ. ಮರಗಳನ್ನು ಕೊಟ್ಟುಬಿಡುತ್ತೇನೆ ಎಂದು ಪಕ್ಕದ ಜಮೀನಿನವನಿಗೆ ಹೇಳಿಯೂ ಬಿಟ್ಟಿದ್ದೆ. ಶನಿವಾರ ನಿಮ್ಮವರು ಫೋನ್ ಮಾಡಿ, ತಪ್ಪು ನಿಮ್ಮ ಕೈಯದ್ದಲ್ಲ, ನನ್ನದು ಎಂದರು.” ಆಮೇಲೆ ವಿಳಾಸ ಬರೆದುಕೊಳ್ಳಿ ಎಂದಳು.

ವಾಪಸಿನ ಆರ್ಡರ್ ನೋಡಿ ಬಾಸು ಅವರನ್ನು ಒಳಗೆ ಕರೆದ. ಅವಳ ನಂಬರು ಅವರಿಗೆ ಸಿಕ್ಕಿದ ಬಗೆ ಆ ಕೋಣೆಯಿಂದಲೇ ನನಗೆ ಕೇಳಿಸಿತು. ಊರಿನ ಹೆಸರು ಪಾಕದ ಡಬ್ಬಿಯಿಂದ ಗೊತ್ತಿತ್ತು. ಊರು ಎಂದ ಮೇಲೆ ಅಂಗಡಿ ಇರಲೇಬೇಕಲ್ಲ. ಲಾಂಡ್ರಿಯ ಹೊರಗಿನ ಫೋನಿಗೆ ಚಿಲ್ಲರೆ ಹಾಕಿ, ಆಪರೇಟರಿನ ಹತ್ತಿರ ಆ ಊರಿನ ದಿನಸಿ ಅಂಗಡಿಯನ್ನು ಕೇಳಿ, ಅಂಗಡಿಯವನ ಹತ್ತಿರ, ಹಸು ಮಾರಿದ, ಗಂಡನಿಲ್ಲದ, ದನಿ ಒರಟಾದ ಮರದ ಹೆಂಗಸು ಯಾರು ಎಂದು ವಿಚಾರಿಸಿದ್ದಾರೆ. ಮಂಡ್ಯದ ಹಳ್ಳಿಯಲ್ಲಿ ಮನೆ ಹುಡುಕುವವರು ಮಾಡುವುದು ಅದನ್ನೇ. ಅಂಗಡಿಯವನು ನಂಬರೇನು, ಅವಳು ಎಷ್ಟು ಗಂಟೆಗೆ ಕಾಡಿನಿಂದ ಬರುತ್ತಾಳೆ ಎಂಬುದನ್ನೂ ಹೇಳಿದನಂತೆ.

ಬಾಸು ನಂಬಲಿಲ್ಲ. ಕೆಂಪು ಮುಖ ಮಾಡಿಕೊಂಡು ಬಂದು ನನ್ನ ಡ್ರಾಯರು ತೆಗೆಸಿದ. ಕಾರ್ಡು ಇದ್ದ ಜಾಗದಲ್ಲೇ ಇತ್ತು, ಬೀಗವೂ ಸರಿಯಾಗಿತ್ತು. ಅವರು ಬಾಗಿಲಲ್ಲಿ ನಿಂತು, “ಆ ಹುಡುಗಿಯನ್ನು ನಾನು ಕೇಳಿದ್ದು ನಿಜ. ಅವಳು ಕೊಡಲಿಲ್ಲ. ಅವಳ ಮೇಲೆ ಏನೂ ಇಲ್ಲ,” ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ, ಒಂದೊಂದೇ ಪದ ಹೇಳಿದರು. ಬಾಸು ನನ್ನ ಹೆಗಲು ತಟ್ಟಿದ. ಆ ತಟ್ಟಿದ್ದು ಇವತ್ತಿಗೂ ಹೆಗಲಿನ ಮೇಲೆ ಇದೆ. ಎರಡು ವಾರದಲ್ಲಿ ಅವರ ಕೆಲಸ ಮುಗಿಯಿತು. ಕುರ್ಚಿಯ ಮೇಲಿನ ಕೋಟು ತೆಗೆದುಕೊಂಡರು, ಕ್ಯಾಟಲಾಗುಗಳನ್ನು ನನಗೆ ಕೊಟ್ಟರು.

ಒಹಾಯೋದಲ್ಲಿ ಆಸ್ಪತ್ರೆಯ ಟ್ಯೂಬು ಮಾಡುವ ಒಂದು ಸಣ್ಣ ಕಂಪನಿ ಅವರನ್ನು ಕರೆಯಿತು. ಗ್ರೀನ್ ಕಾರ್ಡಿನ ಅರ್ಜಿ ಮತ್ತೆ ಮೊದಲಿನಿಂದ. ಹೊರಡುವ ಹಿಂದಿನ ಭಾನುವಾರ ಮಧ್ಯಾಹ್ನ ನಮ್ಮನ್ನು ಊಟಕ್ಕೆ ಕರೆದರು. ಗಂಡನಿಗೆ ಅದೇ ದಿನ ಏನೋ ಇಂಟರ್‌ವ್ಯೂಗೆ ಓದಿಕೊಳ್ಳುವುದಿತ್ತು, ನಾನೊಬ್ಬಳೇ ಹೋದೆ. ಹೋಗಲು ಮನಸ್ಸಿರಲಿಲ್ಲ, ಹೋಗದಿದ್ದರೆ ಏನಂದುಕೊಂಡಾರು ಎಂದು ಹೋದೆ.

ಕ್ಯುಪರ್ಟಿನೋದ ಆ ಮನೆಯ ತುಂಬ ಗ್ರೋಸರಿ ಅಂಗಡಿಯಿಂದ ತಂದ ಖಾಲಿ ಪೆಟ್ಟಿಗೆಗಳು. ಮಗಳು ತನ್ನ ಸ್ಕೂಲಿನ ಗೆಳತಿಯರ ವಿಳಾಸಗಳನ್ನು ಒಂದು ಪುಸ್ತಕಕ್ಕೆ ಬರೆದುಕೊಳ್ಳುತ್ತಾ ಮೂಲೆಯಲ್ಲಿ ಕೂತಿತ್ತು, ಯಾರನ್ನೂ ತಲೆಯೆತ್ತಿ ನೋಡಲಿಲ್ಲ. ಮೇಜನ್ನು ಆಗಲೇ ಯಾರಿಗೋ ಕೊಟ್ಟಿದ್ದರಿಂದ ನೆಲದ ಮೇಲೆ ತಟ್ಟೆ ಹಾಕಿದರು. ಅವರ ಹೆಂಡತಿ ಮುದ್ದೆ ಮಾಡಿದ್ದರು, ಬಸ್ಸಾರು. ಅವರು ಮಜ್ಜಿಗೆಯ ಪಾತ್ರೆ ಹಿಡಿದುಕೊಂಡು ಅಡುಗೆಮನೆಗೂ ಹಾಲಿಗೂ ಓಡಾಡುತ್ತಿದ್ದರು.

“ಇನ್ನೊಂಚೂರು ಹಾಕ್ಕೊ,” ಎಂದು ಅವರ ಹೆಂಡತಿ ನನ್ನ ಎದುರು ಕೂತರು. “ನಿನ್ನ ಹತ್ರ ಒಂದು ಮಾತು ಹೇಳ್ಬೇಕಿತ್ತು ಕಣಮ್ಮ. ಸುದ್ದಿ ಕೇಳಿದ ದಿನ ನಾನು ಇವರ ಮೇಲೆ ಹರಿಹಾಯ್ದೆ. ಮಗೂ ಸ್ಕೂಲು, ಮನೆ, ಕಾರ್ಡು ಎಲ್ಲಾ ಬಿಟ್ಟು ಯಾವಳಿಗೋಸ್ಕರ, ನಿಮಗೇನು ತಲೆ ಕೆಟ್ಟಿದೆಯಾ ಅಂತ. ಮೂರು ದಿನ ಮಾತಾಡಲಿಲ್ಲ. ಆಮೇಲೆ ಇವರೇ ‘ನಾನೊಬ್ನೇ ಅಲ್ಲ ಕಣೆ’ ಅಂದ್ರು. ‘ಆ ಹುಡುಗೀನೂ ಇದೇ ಸರಿ ಅಂದ್ಲು, ಕೆಲಸ ಹೋದ್ರೆ ಹೋಗ್ಲಿ ಅಂತ ತಾನೇ ಬೀಗ ತೆಗೆದು ನಂಬರ್ ಕೊಟ್ಲು’ ಅಂದ್ರು.” ಆಕೆ ನನ್ನ ಎಡಗೈ ಹಿಡಿದುಕೊಂಡರು. “ಗಂಡನಿಗೆ ಕೆಲಸ ಇಲ್ಲದ ಹೊತ್ತಿನಲ್ಲಿ, ಇಷ್ಟು ಚಿಕ್ಕವಳು, ನೀನೇ ಹಂಗೆ ಮಾಡಿರೋವಾಗ ನಾನು ಇವರನ್ನ ಏನನ್ನಲಿ? ಅವತ್ತಿಂದ ಸುಮ್ಮನಾದೆ.”

ನಾನು ತಲೆಯೆತ್ತಿದೆ. ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ನನ್ನ ಕಣ್ಣಿಗೆ ಕಣ್ಣು ಕೊಡಲಿಲ್ಲ. “ಮಜ್ಜಿಗೆಗೆ ಉಪ್ಪು ಹಾಕಿಲ್ವೇನೆ?” ಎನ್ನುತ್ತಾ ಒಳಗೆ ಹೋದರು.

ಇಲ್ಲ ಅಕ್ಕ ಎಂಬ ಮಾತು ಬಾಯಿಯವರೆಗೆ ಬಂದಿತ್ತು. ಹೇಳಿದರೆ ಈ ಹೆಂಗಸಿಗೆ ಗಂಡನ ಮೇಲೆ ಉಳಿದ ನಂಬಿಕೆಯೂ ಹೋದೀತು ಎಂದು ಅಂದುಕೊಂಡೆ. ಅದು ಅರ್ಧ ನಿಜ. ಇನ್ನರ್ಧ, ಆ ಮಾತು ಕೇಳಲು ನನಗೆ ಹಿತವಾಗಿತ್ತು. ಅವರು ಹೇಳಿದ ಆ ಹುಡುಗಿ ನಾನಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅನ್ನಿಸಿತು. ನಾನು ತಟ್ಟೆ ಮುಂದೆ ಮಾಡಿದೆ, ಆಕೆ ಅರ್ಧ ಮುದ್ದೆ ಹಾಕಿದರು, ನಾನು ತಿಂದೆ.

ಅಕ್ಕ, ಇಷ್ಟು ವರ್ಷ ನೀವು ಅದನ್ನು ಎಷ್ಟು ಜನರ ಮುಂದೆ ಹೇಳಿದ್ದೀರೋ ನನಗೆ ಗೊತ್ತಿಲ್ಲ. ಅವರು ಒಬ್ಬರೇ ಇದ್ದರು. ಆ ನಂಬರನ್ನು ನಾನು ಕೊಡಲಿಲ್ಲ.